ತೋಟದ ಹಿಂದಿನ ಹಳ್ಳದ ಕಪ್ಪೆ: ಅದು ಹೊಸ ಪ್ರಭೇದವಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಹಿಂದೆ, ಕಾಡಿಗೆ ಅಂಟಿಕೊಂಡು ಒಂದು ಸಣ್ಣ ಹಳ್ಳ ಹರಿಯುತ್ತದೆ. ಮಳೆಗಾಲದ ರಾತ್ರಿ ಅಲ್ಲಿಂದ ಮರದ ತುಂಡು ಕುಟ್ಟಿದ ಹಾಗೆ ಸದ್ದು ಬರುತ್ತಿರುತ್ತದೆ. ಈ ಸಲ ಮಗ ಟಾರ್ಚ್ ಹಿಡಿದು ಹೋಗಿ ಫೋಟೊ ತೆಗೆದುಕೊಂಡು ಬಂದ. ಕಂದು ಬಣ್ಣದ ಕಪ್ಪೆ, ಮೈಯೆಲ್ಲ ಸುಕ್ಕು, ಕಾಲಿನ ಹೆಬ್ಬೆರಳಿನಷ್ಟು ಗಾತ್ರ. ಎಷ್ಟು ಹುಡುಕಿದರೂ ಇಂಥದ್ದೇ ಕಪ್ಪೆ ಅಂತ ಖಾತ್ರಿಯಾಗಲಿಲ್ಲ. ಇದು ಹೊಸ ಪ್ರಭೇದ ಇರಬಹುದಾ? ಹಿಡಿದು ಬಾಟಲಿಯಲ್ಲಿ ಹಾಕಿ ಕಳಿಸಬೇಕಾ? ಹೊಸದೇ ಆದರೆ ನಮ್ಮೂರಿನ ಹೆಸರು ಇಡಬಹುದಾ?

ಉತ್ತರ: ಮೊದಲು ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ. ಸುರಿಯುವ ಮಳೆಯಲ್ಲಿ, ಇಂಬಳ ಕಚ್ಚಿಸಿಕೊಂಡು, ಕಪ್ಪೆಯ ಕಣ್ಣು ಸ್ಪಷ್ಟವಾಗಿ ಕಾಣುವ ಹಾಗೆ ಫೋಟೊ ತೆಗೆಯುವುದು ಸುಲಭ ಅಲ್ಲ. ಆ ಕಣ್ಣಿನಿಂದಲೇ ಶುರು ಮಾಡೋಣ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡ ಗೀರಿನ ಹಾಗೂ ಇಲ್ಲ. ಇಸ್ಪೀಟಿನ ಡೈಮಂಡ್ ಗುರುತಿನ ಹಾಗೆ ನಾಲ್ಕು ಮೂಲೆ ಇದೆ. ಇಂಥ ಪಾಪೆ, ಸುಕ್ಕುಗಟ್ಟಿದ ಚರ್ಮ, ಹರಿಯುವ ಹಳ್ಳ, ರಾತ್ರಿಯ ಓಡಾಟ. ಇಷ್ಟೂ ಸೇರಿದರೆ ಅದು ನಿಕ್ಟಿಬ್ಯಾಟ್ರಾಕಸ್ ಕುಲದ ಕಪ್ಪೆ ಅನ್ನಲು ಅಡ್ಡಿಯಿಲ್ಲ. ಗ್ರೀಕ್ ಭಾಷೆಯ ಆ ಹೆಸರಿಗೆ ಇರುಳುಗಪ್ಪೆ ಅಂತ ಅರ್ಥ. ಪಶ್ಚಿಮ ಘಟ್ಟ ಬಿಟ್ಟರೆ ಈ ಕುಲದ ಕಪ್ಪೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಿಮ್ಮ ತೋಟದ ಹಿಂದೆ ಇರುವುದು ಹೊಸದಾಗಲಿ ಹಳೆಯದಾಗಲಿ, ಅದು ಈ ಬೆಟ್ಟಸಾಲಿನ ಸ್ವಂತ ಆಸ್ತಿ.

ಕುಲ ಗೊತ್ತಾಯಿತು. ಅದರೊಳಗೆ ಯಾವ ಪ್ರಭೇದ ಅನ್ನುವುದು ಫೋಟೊ ನೋಡಿ ಹೇಳುವ ಮಾತಲ್ಲ. ನಾನು ಇಪ್ಪತ್ತು ಮಳೆಗಾಲ ಹಳ್ಳಗಳಲ್ಲಿ ಕಳೆದಿದ್ದೇನೆ, ಆದರೂ ಹೇಳುವುದಿಲ್ಲ. ಕಾರಣ ಇಷ್ಟೇ. ಒಂದು ಕಪ್ಪೆ ಹೊಸದು ಅಂತ ಹೇಳಬೇಕಾದರೆ ಅದರ ನೆಂಟರಿಷ್ಟರೆಲ್ಲರ ಪರಿಚಯ ಮೊದಲು ಇರಬೇಕು. ಹಳ್ಳದಲ್ಲಿ ಕಪ್ಪೆ ಸಿಗುವುದು ಒಂದು ರಾತ್ರಿಯ ಕೆಲಸ. ಈ ಪರಿಚಯ ಮಾಡಿಕೊಳ್ಳುವುದಕ್ಕೆ ವರ್ಷಗಳೇ ಹಿಡಿಯುತ್ತವೆ.

ಇರುಳುಗಪ್ಪೆಗಳ ಲೆಕ್ಕವನ್ನೇ ನೋಡಿ. ಈ ಕುಲಕ್ಕೆ ಹೆಸರಿಟ್ಟವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾರ್ಜ್ ಬೂಲಾಂಜೆ, 1882ರಲ್ಲಿ. ನಮ್ಮ ಕಾಡಿನಿಂದ ಹೋದ ಎಷ್ಟೋ ಕಪ್ಪೆಗಳು ಆಗಿನಿಂದಲೂ ಅಲ್ಲಿನ ಜಾಡಿಗಳಲ್ಲೇ ಇವೆ. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಬಂದರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಅದರಲ್ಲಿ ಒಂದು ಪುಟಾಣಿ ಇರುಳುಗಪ್ಪೆ ಹಾಸನ ಜಿಲ್ಲೆಯ ಕೆಂಪುಹೊಳೆಯದು. ಇವತ್ತು ಅದರ ಹೆಸರು ನಿಕ್ಟಿಬ್ಯಾಟ್ರಾಕಸ್ ಕೆಂಪೊಲೆಯೆನ್ಸಿಸ್. ಸಕಲೇಶಪುರದ ಕಡೆಯ ಆ ಹೊಳೆಯ ಹೆಸರು ಜಗತ್ತಿನ ಎಲ್ಲ ಕಪ್ಪೆ ಪಟ್ಟಿಗಳಲ್ಲೂ ಇದೆ ಅಂದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ಇಲ್ಲೊಂದು ದುಃಖದ ಕತೆಯೂ ಇದೆ. ರಾವ್ ಅವರು ವರ್ಣನೆಗೆ ಆಧಾರವಾಗಿ ಇಟ್ಟುಕೊಂಡಿದ್ದ ಮೂಲ ಮಾದರಿಗಳು ಕಳೆದುಹೋಗಿವೆ. ಇದೇನು ಮಹಾ, ಬರೆದದ್ದು ಇದೆಯಲ್ಲ ಅನ್ನಿಸಬಹುದು. 1937ರ ವರ್ಣನೆ ಓದಿದರೆ ಕಷ್ಟ ಗೊತ್ತಾಗುತ್ತದೆ. 'ಚರ್ಮ ಒರಟು, ಬೆರಳ ತುದಿ ಅಗಲ' ಅನ್ನುವಂಥ ಮಾತು ಇವತ್ತು ಹತ್ತು ಕಪ್ಪೆಗಳಿಗೆ ಹೊಂದುತ್ತದೆ. ಅವರು ನೋಡಿದ್ದು ಆ ಹತ್ತರಲ್ಲಿ ಯಾವುದನ್ನು? ಜಾಡಿಯಲ್ಲಿ ಆ ಒಂದು ಕಪ್ಪೆ ಉಳಿದಿದ್ದರೆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಅದಿಲ್ಲದ ಕಾರಣ ಸಂಶೋಧಕರು ರಾವ್ ನಡೆದ ಜಾಗಗಳಿಗೇ ಮತ್ತೆ ಹೋಗಿ, ಅಲ್ಲಿ ಈಗ ಇರುವ ಕಪ್ಪೆಗಳನ್ನು ನೋಡಿ, ಅವರ ಮಾತಿಗೆ ತಾಳೆ ಹಾಕಬೇಕಾಗಿದೆ. ನಮ್ಮ ಕಾಡಿನ ಪುಟ್ಟ ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟರು. ಅದರಲ್ಲಿರುವ 'ರಾವ್' ಇವರೇ.

ಇರುಳುಗಪ್ಪೆಗಳ ಕತೆ ಅಲ್ಲಿಗೂ ಮುಗಿಯಲಿಲ್ಲ. 2011ರಲ್ಲಿ ಕಪ್ಪೆ ಸಂಶೋಧಕ ಎಸ್. ಡಿ. ಬಿಜು ಮತ್ತು ಸಂಗಡಿಗರು ಇಡೀ ಕುಲವನ್ನು ಮತ್ತೆ ಪರಿಶೀಲಿಸಿ ಒಂದೇ ಸಲ 12 ಹೊಸ ಪ್ರಭೇದ ಸೇರಿಸಿದರು. ಜೋಗದ ಹೆಸರಿನ ನಿಕ್ಟಿಬ್ಯಾಟ್ರಾಕಸ್ ಜೋಗ್ ಅದರಲ್ಲೇ ಬಂದದ್ದು. 2017ರಲ್ಲಿ ಇನ್ನೂ 7 ಬಂದವು. ಅವುಗಳಲ್ಲಿ 4 ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ನಿಮ್ಮ ಫೋಟೊ ಹೊಸದಾ ಹಳೆಯದಾ ಅಂತ ಹೇಳಲು ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನೋಡುವುದು ಅಂದರೆ ಏನು ನೋಡುವುದು? ಬಣ್ಣವನ್ನಂತೂ ಅಲ್ಲ. ಇದನ್ನು ನಾನು ಕಲಿತದ್ದು ಆಗುಂಬೆ ಕಡೆಯ ಒಂದು ರಾತ್ರಿ. ಕೆಲಸಕ್ಕೆ ಹೊಸಬ ಆಗ. ಒಂದೇ ಪೊದೆಯಲ್ಲಿ ಮೂರು ಪೊದೆಗಪ್ಪೆ ಕೂತಿದ್ದವು. ಒಂದು ಒಣಗಿದ ಎಲೆಯ ಬಣ್ಣ. ಇನ್ನೊಂದರ ಬೆನ್ನಿನ ನಡುವೆ ಬಿಳಿ ಗೆರೆ. ಮೂರನೆಯದು ಹಳದಿ, ಮೇಲೆ ಕಪ್ಪು ಚುಕ್ಕಿ. ಮೂರು ಪ್ರಭೇದ ಸಿಕ್ಕಿತು ಅಂತ ನೋಟ್‌ಬುಕ್‌ನಲ್ಲಿ ಮೂರು ಪುಟ ತುಂಬಿಸಿದೆ. ಜೊತೆಗಿದ್ದ ಹಿರಿಯರು ಒಂದು ಮಾತೂ ಆಡಲಿಲ್ಲ. ಟಾರ್ಚ್ ಆರಿಸು, ಕೂತ್ಕೋ ಅಂದರು. ಹತ್ತು ನಿಮಿಷ ಕತ್ತಲಲ್ಲಿ ಕೂತೆವು. ಮೊದಲು ಎಡಗಡೆಯದು ಕೂಗಿತು, ಆಮೇಲೆ ನಡುವಿನದು, ಆಮೇಲೆ ಹಳದಿಯದು. ಒಂದೇ ಕೂಗು. ಒಂದೇ ತಾಳ. ಮೂರೂ ಒಂದೇ ಪ್ರಭೇದದ ಗಂಡುಗಳು.

ಇದಕ್ಕೆ ತಿರುಗುಮುರುಗೂ ಆಗುತ್ತದೆ. ಗದ್ದೆಯ ಬದುವಿನಲ್ಲಿ ಕಾಲಿಟ್ಟಲ್ಲೆಲ್ಲ ಎಗರುವ ಕಂದು ಕಪ್ಪೆಗಳನ್ನು ನೋಡಿರುತ್ತೀರಿ. ಎಲ್ಲ ಒಂದೇ ಅಂತ ತುಂಬಾ ಕಾಲ ನಂಬಿದ್ದರು. ಜಪಾನಿನ ಕುರಾಮೊಟೊ ಮತ್ತು ಮಂಗಳೂರಿನ ಜೋಶಿ ಇದ್ದ ತಂಡ ಮಧ್ಯ ಪಶ್ಚಿಮ ಘಟ್ಟದ ಈ ಕಪ್ಪೆಗಳ ಮೈಯಳತೆ, ಕೂಗು, ಡಿಎನ್‌ಎ ಮೂರನ್ನೂ ನೋಡಿ 2007ರಲ್ಲಿ 4 ಹೊಸ ಪ್ರಭೇದಗಳನ್ನು ವರ್ಣಿಸಿತು. ಒಂದರ ಹೆಸರು ಕುದುರೆಮುಖದ್ದು. ಇನ್ನೊಂದು ಅಚ್ಚ ಕನ್ನಡದ 'ಮುದ್ದುರಾಜ'.

ಹಾಗಾಗಿ ನಮ್ಮ ಕೈಯಲ್ಲಿ ಕ್ಯಾಮೆರಾಕ್ಕಿಂತ ಮೊದಲು ಇರುವುದು ರೆಕಾರ್ಡರ್. ಕಪ್ಪೆಯ ಕೂಗು ಹೆಣ್ಣನ್ನು ಕರೆಯುವುದಕ್ಕೆ ಇರುವುದು. ಹೆಣ್ಣು ತನ್ನ ಪ್ರಭೇದದ ಕೂಗಿಗೆ ಬರುತ್ತದೆ, ಪಕ್ಕದವನ ಕೂಗಿಗೆ ಬರುವುದಿಲ್ಲ. ಯಾರು ಯಾರ ಕಡೆಯವರು ಅನ್ನುವ ವಿಷಯ ನಮಗಿಂತ ಕಪ್ಪೆಗೇ ಚೆನ್ನಾಗಿ ಗೊತ್ತು, ಅಲ್ವಾ? ರೆಕಾರ್ಡ್ ಮಾಡಿದ ಮೇಲೆ ಅಲ್ಲಿನ ಗಾಳಿಯ ಉಷ್ಣತೆಯನ್ನೂ ಬರೆದುಕೊಳ್ಳುತ್ತೇವೆ. ಚಳಿ ಜಾಸ್ತಿಯಾದರೆ ಅದೇ ಕಪ್ಪೆ ನಿಧಾನವಾಗಿ ಕೂಗುತ್ತದೆ. ಅದು ಗೊತ್ತಿಲ್ಲದಿದ್ದರೆ ಒಂದೇ ಕಪ್ಪೆ ಎರಡಾಗಿ ಕಾಣುತ್ತದೆ.

ಈಗ ನಿಮ್ಮ ಬಾಟಲಿಯ ಪ್ರಶ್ನೆ. ದಯವಿಟ್ಟು ಹಿಡಿಯಬೇಡಿ. ಕಾಡಿನ ಪ್ರಾಣಿಯನ್ನು ಸಂಶೋಧನೆಗೆ ಹಿಡಿಯಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬಾಟಲಿಯಲ್ಲಿ ಸತ್ತ ಕಪ್ಪೆ ಎರಡು ದಿನದಲ್ಲಿ ಕೊಳೆತು ಯಾವ ಕೆಲಸಕ್ಕೂ ಬರುವುದಿಲ್ಲ, ಜೀವ ಹೋದದ್ದಷ್ಟೇ. ಅಷ್ಟಕ್ಕೂ ನಿಮ್ಮ ಕಡೆಯಿಂದ ಅದಕ್ಕಿಂತ ದೊಡ್ಡ ಸಹಾಯ ಆಗಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಹಾಗಾದರೆ ಸಂಶೋಧಕರು ಕೊಲ್ಲುತ್ತಾರಾ ಅಂತ ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಮುಚ್ಚಿಡುವುದಿಲ್ಲ. ಹೌದು, ಕೆಲವನ್ನು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಕಪ್ಪೆಯನ್ನು ಆ ಹೆಸರಿನ ಆಧಾರವಾಗಿ ಗುರುತಿಸಬೇಕು. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ಆಸ್ತಿಗೆ ಮೂಲಪತ್ರ ಇದ್ದ ಹಾಗೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಹೋಗಿ ನೋಡುವುದು ಅದನ್ನೇ. ರಾವ್ ಅವರ ಮಾದರಿಗಳು ಕಳೆದು ಏನಾಯಿತು ಅಂತ ಈಗಷ್ಟೇ ಹೇಳಿದೆನಲ್ಲ.

ಆ ಸಂಜೆಗಳು ನನಗೆ ಯಾವತ್ತೂ ಹಗುರ ಅನ್ನಿಸಿಲ್ಲ. ಬಿಡಾರದ ಟೇಬಲ್ ಮೇಲೆ ಒಂದು ಬಿಳಿ ತಟ್ಟೆ. ಕಪ್ಪೆಗೆ ಮೊದಲು ಅರಿವಳಿಕೆ ಕೊಡುತ್ತೇವೆ. ಅದಕ್ಕೂ ಮೊದಲೇ, ಬದುಕಿರುವಾಗಲೇ, ಬಣ್ಣದ ಫೋಟೊ ಮುಗಿದಿರಬೇಕು, ಯಾಕೆಂದರೆ ಮದ್ಯಸಾರದಲ್ಲಿ ಬಣ್ಣ ನಿಲ್ಲುವುದಿಲ್ಲ. ಜೀವ ಹೋದ ಮೇಲೆ ತೊಡೆಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಸಣ್ಣ ಶೀಶೆಯ ಆಲ್ಕೊಹಾಲ್‌ಗೆ ಹಾಕುತ್ತೇವೆ. ಇದು ಡಿಎನ್‌ಎಗೆ. ದೇಹ ಕೊಳೆಯದ ಹಾಗೆ ಇಡುವ ಫಾರ್ಮಲಿನ್ ದ್ರಾವಣ ಮುಟ್ಟಿಸುವ ಮೊದಲೇ ತೆಗೆಯಬೇಕು, ಫಾರ್ಮಲಿನ್ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೂತ ಭಂಗಿಯಲ್ಲಿಟ್ಟು ಫಾರ್ಮಲಿನ್ ಹಾಕುತ್ತೇವೆ. ಗಟ್ಟಿಯಾದ ಮೇಲೆ ಬೆರಳು ಬಿಡಿಸಲು ಬರುವುದಿಲ್ಲ. ಬೆರಳ ನಡುವಿನ ಜಾಲಪಾದ ಎಲ್ಲಿಯವರೆಗೆ ಬಂದಿದೆ, ತುದಿಯ ತಟ್ಟೆಯಲ್ಲಿ ಗೀರು ಇದೆಯಾ ಅನ್ನುವುದೆಲ್ಲ ಅಲ್ಲೇ ಕಾಣಬೇಕು. ಕಾಲಿಗೆ ನಂಬರಿನ ಚೀಟಿ ಕಟ್ಟುತ್ತೇವೆ. ಕೆಲವು ದಿನ ಬಿಟ್ಟು 70 ಶೇಕಡಾ ಆಲ್ಕೊಹಾಲ್‌ಗೆ ಬದಲಿಸುತ್ತೇವೆ. ಅಲ್ಲಿ ಅದು ನೂರಾರು ವರ್ಷ ಇರಬಲ್ಲದು. ಬೇಕಾದ ನಾಲ್ಕೈದಕ್ಕಿಂತ ಹೆಚ್ಚು ಹಿಡಿಯಬಾರದು ಅನ್ನುವುದನ್ನು ನಾನು ಗಟ್ಟಿಯಾಗಿ ಪಾಲಿಸುತ್ತೇನೆ. ಬೆಟ್ಟದ ಒಂದೇ ನೆತ್ತಿಯಲ್ಲಿ ಬದುಕುವ ಕಪ್ಪೆಗಳ ವಿಷಯದಲ್ಲಂತೂ ಅದು ಇನ್ನೂ ಮುಖ್ಯ.

ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ಹೊಸ ಪ್ರಭೇದ ಸಿಕ್ಕಿದರೆ ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಗಳ ವಿಷಯದಲ್ಲಿ ಇದು ಸಾಮಾನ್ಯವಾಗಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. ಮಾದರಿಗಳು ಯಾರದೋ ಮನೆಯ ಕಪಾಟಿನಲ್ಲಿ ಕಳೆದುಹೋಗಬಾರದು. ಈ ನಿಯಮ ನನಗೆ ತುಂಬಾ ಸರಿ ಅನ್ನಿಸುತ್ತದೆ.

ಅಳತೆಯ ಕೆಲಸ ಬೇರೆ. ಮೂತಿಯ ತುದಿಯಿಂದ ಗುದದವರೆಗಿನ ಉದ್ದ, ತಲೆಯ ಅಗಲ, ಕಣ್ಣಿಗೂ ಮೂಗಿನ ಹೊಳ್ಳೆಗೂ ಇರುವ ದೂರ, ಮೊಣಕಾಲಿನ ಕೆಳಗಿನ ಉದ್ದ. ಇಂಥ ಇಪ್ಪತ್ತು ಮೂವತ್ತು ಅಳತೆಗಳನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ತೆಗೆಯಬೇಕು. ಡಿಎನ್‌ಎಯಲ್ಲಿ ಸಾಮಾನ್ಯವಾಗಿ ಮೊದಲು ನೋಡುವುದು 16ಎಸ್ ಅನ್ನುವ ಜೀನಿನ ಸುಮಾರು 500 ಅಕ್ಷರದ ತುಣುಕು. ಎರಡು ಕಪ್ಪೆಗಳ ನಡುವೆ ಅದರಲ್ಲಿ 3 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಅದು ಗಡಿಗೆರೆ ಅಲ್ಲ, ಸೂಚನೆ ಮಾತ್ರ. ಸುಮ್ನೆ ಡಿಎನ್‌ಎ ಒಂದನ್ನೇ ನಂಬಿ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ. ಮೈ, ಕೂಗು, ಡಿಎನ್‌ಎ, ಬದುಕುವ ರೀತಿ, ಇವು ಒಂದೇ ಕಡೆ ಬೆರಳು ತೋರಿಸಬೇಕು.

ಬದುಕುವ ರೀತಿ ಅಂದೆ. ನಿಮಗೆ ತುಂಬಾ ದೂರವಲ್ಲದ ಒಂದು ಜಾಗದ ಕತೆ ಹೇಳಲೇಬೇಕು. ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಅಂತ ಇದೆ. ಹೆಸರೇ ಹೇಳುವ ಹಾಗೆ ಹಗಲಿನಲ್ಲೂ ಮಬ್ಬು. ಒಳಗೆ ರಾಮಪತ್ರೆ ಜಡ್ಡಿ ಅಂದರೆ ರಾಮಪತ್ರೆ ಮರಗಳ ಜೌಗು ನೆಲ, ಕೆಸರಿನಿಂದ ಮಂಡಿಯ ಹಾಗೆ ಮೇಲೆದ್ದ ಬೇರುಗಳು. ಅಲ್ಲಿನ ಹಳ್ಳಗಳಲ್ಲಿ ಮೂರು ಇರುಳುಗಪ್ಪೆಗಳು ಒಟ್ಟಿಗೆ ಇವೆ. ಒಂದು ರಾವ್ ಅವರ ಕೆಂಪುಹೊಳೆಯ ಕಪ್ಪೆ. ಇನ್ನೊಂದು ಜೋಗದ್ದು. ಮೂರನೆಯದಕ್ಕೆ ಹೆಸರೇ ಇರಲಿಲ್ಲ.

ಈ ಮೂರನೆಯದನ್ನು ಕೆ. ವಿ. ಗುರುರಾಜ ಮತ್ತು ಜೊತೆಗಾರರು ವರ್ಷಗಟ್ಟಲೆ ಗಮನಿಸಿದರು. ಹೆಣ್ಣು ಮೊಟ್ಟೆ ಇಡುವುದು ನೀರಿನಿಂದ ಮೇಲಿರುವ ಕಡ್ಡಿ ಅಥವಾ ಕಲ್ಲಿನ ಮೇಲೆ. ಇಡುವಾಗ ಮುಂಗಾಲು ಊರಿ ಹಿಂಭಾಗ ಮೇಲೆತ್ತುತ್ತದೆ, ಮಕ್ಕಳು ಲಾಗ ಹಾಕುವ ಮುಂಚೆ ಕೈ ಊರುತ್ತಾರಲ್ಲ, ಹಾಗೆ. ಇಟ್ಟಾದ ಮೇಲೆ ಗಂಡಿನ ಕೆಲಸ. ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತೆಗೆದು, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಬಗ್ಗಿ ಇನ್ನಷ್ಟು ಕೆಸರು, ಮತ್ತೆ ಮೆತ್ತುವುದು. ಜಗತ್ತಿನಲ್ಲಿ ಆವರೆಗೆ ಎಣಿಸಿದ್ದ 6 ಸಾವಿರಕ್ಕೂ ಹೆಚ್ಚು ಕಪ್ಪೆ ಪ್ರಭೇದಗಳಲ್ಲಿ ಬೇರೆ ಯಾವುದೂ ಹೀಗೆ ಮಾಡಿದ್ದನ್ನು ಯಾರೂ ವರದಿ ಮಾಡಿರಲಿಲ್ಲ. ಮಣ್ಣು ಕಲಸುವ ಆ ಕೈ ನೋಡಿ ಅವರಿಗೆ ಹೊಳೆದ ಹೆಸರು ಕುಂಬಾರ. 2014ರಲ್ಲಿ 'ಝೂಟ್ಯಾಕ್ಸಾ' ಪತ್ರಿಕೆಯಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಪ್ರಕಟವಾಯಿತು. ಮೈಯಳತೆಯೂ 16ಎಸ್ ಜೀನೂ ಬೇರೆ ಅನ್ನುವುದನ್ನು ಅದೇ ಲೇಖನ ತೋರಿಸಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇದು. ಒಂದೇ ಕುಲದ ಮೂರು ಕಪ್ಪೆ ಒಂದೇ ಹಳ್ಳದಲ್ಲಿವೆ. ಮೂರರ ಸಂಸಾರದ ರೀತಿ ಬೇರೆ ಬೇರೆ. ಜಾಡಿಯಲ್ಲಿ ಹಾಕಿಟ್ಟ ಕಪ್ಪೆಯನ್ನು ಎಷ್ಟು ಅಳೆದರೂ ಕೆಸರು ಮೆತ್ತುವ ವಿಷಯ ಸಿಗುವುದಿಲ್ಲ. ಅದಕ್ಕೆ ರಾತ್ರಿ ಹಳ್ಳದ ಬದಿ ಕೂತು ಕಾಯಬೇಕು. ಬೆಂಗಳೂರಿನಿಂದ ವರ್ಷಕ್ಕೆ ಹತ್ತು ದಿನ ಬರುವ ನನ್ನಂಥವರಿಗಿಂತ ಹಳ್ಳದ ಪಕ್ಕದಲ್ಲೇ ಮನೆ ಇರುವ ನಿಮಗೆ ಅದು ಸುಲಭ.

ಇನ್ನೊಂದು ಮಾತು. ಹೊಸ ಪ್ರಭೇದ ಅಂದರೆ ವಿಜ್ಞಾನದ ಪಟ್ಟಿಗೆ ಹೊಸದು ಅಂತ ಅಷ್ಟೇ. ಕೇರಳದ ಇಡುಕ್ಕಿಯ ನೇರಳೆ ಕಪ್ಪೆ 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಾಗ ದೊಡ್ಡ ಸುದ್ದಿಯಾಯಿತು. ವರ್ಷದ ಬಹುಪಾಲು ನೆಲದೊಳಗೆ ಇರುವ, ಹತ್ತಿರದ ನೆಂಟರು ಸೇಶೆಲ್ಸ್ ದ್ವೀಪಗಳಲ್ಲಿರುವ ಕಪ್ಪೆ ಅದು. ಆದರೆ ಅಲ್ಲಿನ ಕಾಡಿನ ಜನ ಅದರ ಗೊದಮೊಟ್ಟೆಗಳನ್ನು ಮೊದಲಿನಿಂದ ಬಲ್ಲರು, ಹಿಡಿದು ತಿನ್ನುತ್ತಲೂ ಇದ್ದರು. ವಿಜ್ಞಾನಿಗಳಲ್ಲೂ ಅದರ ಗೊದಮೊಟ್ಟೆಯನ್ನು ಸುಮಾರು 85 ವರ್ಷ ಮೊದಲೇ ವರ್ಣಿಸಿದ್ದವರು ಇದ್ದರು: ಆನಂಡೇಲ್ ಮತ್ತು ನಮ್ಮ ನಾರಾಯಣ ರಾವ್. ಬಂಡೆಗೆ ಬಾಯಿಯಿಂದ ಕಚ್ಚಿಕೊಂಡು ರಭಸದ ನೀರಲ್ಲಿ ನಿಲ್ಲುವ ಮರಿ ಅವರಿಗೆ ಸಿಕ್ಕಿತ್ತು, ತಾಯಿ ಸಿಕ್ಕಿರಲಿಲ್ಲ.

ಹೆಸರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಊರಿನ ಹೆಸರು ಖಂಡಿತ ಇಡಬಹುದು. ಮೂಡಿಗೆರೆ, ಜೋಗ, ಕರಾವಳಿ, ಬೆಂಗಳೂರು, ಎಲ್ಲವೂ ಈಗ ಕಪ್ಪೆಗಳ ಹೆಸರಿನಲ್ಲಿವೆ. ಲ್ಯಾಟಿನ್ ಅಕ್ಷರದಲ್ಲಿ ಬರೆಯುವ ಹಾಗಿದ್ದರೆ ಸಾಕು, ಪದ ಕನ್ನಡದ್ದೇ ಇರಬಹುದು. ಆದರೆ ಹೆಸರಿಡುವ ಹಕ್ಕು ವರ್ಣನೆ ಬರೆದು ಪ್ರಕಟಿಸುವವರದ್ದು. ಪ್ರಭೇದದ ಹೆಸರಿನ ನಂತರ ಅವರ ಹೆಸರು ಮತ್ತು ವರ್ಷ ಹೇಗೂ ಬರುತ್ತದೆ, ಹಾಗಾಗಿ ಕಪ್ಪೆಗೆ ತಮ್ಮ ಹೆಸರನ್ನೇ ಇಟ್ಟುಕೊಳ್ಳುವ ರೂಢಿ ಇಲ್ಲ. ಇಬ್ಬರು ಬೇರೆ ಬೇರೆ ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಅದಕ್ಕೇ ಹಳೆಯ ಲೇಖನಗಳನ್ನೆಲ್ಲ ತಿರುವಿಹಾಕದೆ ಯಾರೂ ಹೊಸ ಹೆಸರು ಇಡಬಾರದು.

ಈಗ ನಿಮ್ಮ ಮಗ ಮಾಡಬಹುದಾದ ಕೆಲಸ. ಮಳೆ ಸ್ವಲ್ಪ ಬಿಡುವು ಕೊಟ್ಟ ರಾತ್ರಿ ದೊಡ್ಡವರು ಒಬ್ಬರು ಜೊತೆಗೆ ಹೋಗಿ. ಗಂಬೂಟನ್ನು ಮೊದಲೇ ತೊಳೆದು ಒಣಗಿಸಿರಿ. ಒಂದು ಹಳ್ಳದ ಕೆಸರು ಇನ್ನೊಂದಕ್ಕೆ ಹೋದರೆ ಅದರ ಜೊತೆ ಕೈಟ್ರಿಡ್ ಶಿಲೀಂಧ್ರವೂ ಹೋಗಬಹುದು. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಅದು ಅಳಿಸಿಹಾಕಿದೆ. ಕೂಗುವ ಕಪ್ಪೆಯಿಂದ ಒಂದು ಮಾರು ದೂರದಲ್ಲಿ ಮೊಬೈಲ್ ಇಟ್ಟು, ಮಾತಾಡದೆ ಎರಡು ನಿಮಿಷ ರೆಕಾರ್ಡ್ ಮಾಡಿ. ಕೊನೆಗೆ ಅದೇ ರೆಕಾರ್ಡಿಂಗ್‌ನಲ್ಲಿ ತಾರೀಖು, ಹೊತ್ತು, ಜಾಗ ಹೇಳಿ. ಸಣ್ಣ ಥರ್ಮಾಮೀಟರ್ ಇದ್ದರೆ ಉಷ್ಣತೆಯನ್ನೂ ಹೇಳಿ. ಕೂಗಿದ ಕಪ್ಪೆಯದೇ ಫೋಟೊ ಬೇಕು, ಪಕ್ಕದ್ದಲ್ಲ. ಬೆನ್ನು, ಪಕ್ಕೆ, ಬೆರಳಿನ ತುದಿ ಕಾಣಲಿ. ಇವನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿ. ಕಪ್ಪೆ ಬಲ್ಲವರು ಅಲ್ಲಿ ನೋಡುತ್ತಾರೆ.

ಇನ್ನೊಂದು ಕೆಲಸ ಹಗಲಿನದು. ಗಂಡು ಕೂಗುತ್ತಿದ್ದ ಜಾಗದ ಸುತ್ತ, ನೀರಿನಿಂದ ಒಂದು ಗೇಣು ಮೇಲಿರುವ ಕಡ್ಡಿ, ಬೇರು, ಕಲ್ಲಿನ ಪಕ್ಕ ನಿಧಾನವಾಗಿ ನೋಡಲಿ. ಮುಟ್ಟಬಾರದು. ಮೊಟ್ಟೆಯ ಗೊಂಚಲು ಸಿಕ್ಕಿದರೆ ಅದು ಗಾಜಿನ ಮಣಿಯ ಹಾಗೆ ತಿಳಿಯಾಗಿದೆಯಾ, ಇಲ್ಲ ಮೇಲೆ ಕೆಸರು ಮೆತ್ತಿದೆಯಾ? ಅದೊಂದನ್ನು ನೋಡಿ ನನಗೆ ಬರೆಯಿರಿ. ಕೆಸರು ಇದ್ದರೆ ನಿಮ್ಮ ಹಳ್ಳದಲ್ಲಿರುವುದು ಬಹುತೇಕ ಕುಂಬಾರ. ಇಲ್ಲದಿದ್ದರೆ ರೆಕಾರ್ಡಿಂಗ್ ಕೇಳಿಕೊಂಡು ಮುಂದಿನ ಮಾತು ಆಡೋಣ.